“ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ?”

ಡಾಕ್ಟರು ಹೀಗೆ ಕೇಳುವ ಎರಡು ತಿಂಗಳ ಮೊದಲು, ಅದೊಂದು ಸಾಮಾನ್ಯ ಭಾನುವಾರ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ನೀರುದೋಸೆ, ನಾಲ್ಕನೇ ಕ್ಲಾಸಿನ ಮಗಳ ಹೋಮ್‌ವರ್ಕ್, ನನ್ನ ಪೇಪರು. ಅಂಥ ಬೆಳಗು ಅದೇ ಕೊನೆ ಎಂದು ಯಾರಿಗೆ ಗೊತ್ತಿರುತ್ತದೆ?

ಟಾಯ್ಲೆಟ್ಟಿನಿಂದ ಮಗಳು ಕೂಗಿದಳು. “ಮಮ್ಮೀ, ಖೂನ್ ಆಯಾ!”

ನನ್ನ ಹೆಂಡತಿ ಶಶಿ ಹೋಗಿ ನೋಡಿ ಬಂದಳು. ಮಲದಲ್ಲಿ ರಕ್ತ. ಕಾವಲಿಗೆ ಮತ್ತೊಂದು ದೋಸೆ ಹೊಯ್ದಳು. “ಉಷ್ಣ ಮಾರಾಯ್ರೆ. ನಂಗೂ ಆಗ್ತದೆ ಒಮ್ಮೊಮ್ಮೆ. ನಮ್ಮಮ್ಮನಿಗೂ ಇತ್ತು. ನಮ್ಮ ಮೈಯೇ ಹಾಗೆ.”

ನನಗೆ ಸಮಾಧಾನವಾಯಿತು. (ಈ ವಾಕ್ಯ ಬರೆಯುವಾಗ ಕೈ ನಿಂತುಬಿಡುತ್ತದೆ.) ನಮ್ಮ ಊರ ಕಡೆಯವರಿಗೆ ಕಣ್ಣು ಉರಿದರೂ ಉಷ್ಣ, ಬಾಯಿ ಹುಣ್ಣಾದರೂ ಉಷ್ಣ. ಪುನರ್ಪುಳಿ ಶರಬತ್ತು, ಮೆಂತೆ ನೀರು, ಮಜ್ಜಿಗೆ. ಎರಡು ತಿಂಗಳು ಹೀಗೇ ಹೋಯಿತು. ರಕ್ತ ನಿಲ್ಲಲಿಲ್ಲ.

ಥಾಣೆಯ ಆಸ್ಪತ್ರೆಯ ಡಾಕ್ಟರು ಕೊಲೊನೊಸ್ಕೋಪಿ ಮಾಡಬೇಕು ಎಂದರು. ಕ್ಯಾಮೆರಾ ಇರುವ ತೆಳ್ಳಗಿನ ಪೈಪನ್ನು ಹಿಂದಿನಿಂದ ಒಳಗೆ ಬಿಟ್ಟು ದೊಡ್ಡ ಕರುಳನ್ನು ನೋಡುವುದು. ಉಡುಪಿಯಿಂದ ಚಿಕ್ಕಮ್ಮ ಫೋನಿನಲ್ಲೇ ಬೈದರು. “ಒಂಬತ್ತು ವರ್ಷದ ಹೆಣ್ಣುಮಗುವಿಗೆ ಪೈಪು ಹಾಕ್ಸುದಾ? ನಿಮಗೆ ತಲೆ ಸಮ ಉಂಟಾ?”

ಡಾಕ್ಟರು ಹೆದರಿಸಲಿಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಒಂದೇ ಒಂದು ಗಂಟು ಇರುತ್ತದಂತೆ. ಅದೇ ಪೈಪಿನಲ್ಲಿ ತೆಗೆದರೆ ಮುಗಿಯಿತಂತೆ. ಆಮೇಲೆ ಫಾರ್ಮ್ ತುಂಬುತ್ತಾ ಕೇಳಿದರು, “ಘರ್ ಮೆ ಔರ್ ಕಿಸೀ ಕೋ ಐಸಾ ಹುವಾ ಹೈ?”

“ನಹೀ,” ಎಂದಳು ಶಶಿ. ನೆಲ ನೋಡುತ್ತಾ.

ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ನನಗೆ ಗೊತ್ತಿತ್ತು. ಆದರೆ ಗಂಡಸು ಡಾಕ್ಟರ ಎದುರು ಹೆಂಡತಿಯ ಅಂಥ ವಿಷಯ ಎತ್ತುವುದು ಹೇಗೆ? ಸುಮ್ಮನಿದ್ದೆ. ಅದನ್ನು ಮರ್ಯಾದೆ ಎಂದುಕೊಂಡಿದ್ದೆ.

ಮಗಳಿಗೆ ಏನೂ ತೊಂದರೆಯಾಗಲಿಲ್ಲ. ಹಿಂದಿನ ದಿನ ಹೊಟ್ಟೆ ಖಾಲಿ ಮಾಡಲು ಉಪ್ಪುಪ್ಪು ಔಷಧಿ ಕುಡಿಸಿದ್ದಕ್ಕೆ ನಮ್ಮಿಬ್ಬರ ಮೇಲೂ ಸಿಟ್ಟು, ಅಷ್ಟೆ. ಅರಿವಳಿಕೆ ಇಳಿದು ಕಣ್ಣು ಬಿಟ್ಟವಳು ಮೊದಲು ಕೇಳಿದ್ದು ವಡಾಪಾವ್. ನಾವು ಹೆದರಿದ್ದು ಯಾವುದಕ್ಕೆ!

ಹೆದರಬೇಕಾದದ್ದು ಸ್ಕ್ರೀನಿನಲ್ಲಿತ್ತು. ಒಂದು ಗಂಟಲ್ಲ, ಕರುಳಿನ ತುಂಬ ಗಂಟುಗಳು. ಇದು ವಂಶದಲ್ಲಿ ಬರುವ ಕಾಯಿಲೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ, ಬೇಗ ಸಿಕ್ಕಿದ್ದರಿಂದ ಮಗಳನ್ನು ಕಾಪಾಡಬಹುದು ಎಂದರು ಡಾಕ್ಟರು. ಅಪ್ಪ ಅಮ್ಮ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದೂ ಹೇಳಿದರು.

ನನ್ನದರಲ್ಲಿ ಏನೂ ಇರಲಿಲ್ಲ. ಶಶಿ, “ದೀಪಾವಳಿ ರಜೆ ಬರ್ಲಿ, ಈಗ ಇವಳ ಸ್ಕೂಲಿನ ಪರೀಕ್ಷೆ ಉಂಟಲ್ಲ,” ಎಂದಳು. ನಾನು ಒತ್ತಾಯಿಸಲಿಲ್ಲ. ರಜೆ ಬರುವಷ್ಟರಲ್ಲಿ ಅವಳ ಕ್ಯಾನ್ಸರ್ ಲಿವರಿಗೂ ಹಬ್ಬಿತ್ತು. ಮೂವತ್ತೇಳಕ್ಕೆ ಹೋದಳು.

ಮಗಳಿಗೀಗ ಹದಿನೈದು. ವರ್ಷಕ್ಕೊಮ್ಮೆ ಅದೇ ಔಷಧಿ, ಅದೇ ಪೈಪು. ಕಳೆದ ವಾರ ಆಸ್ಪತ್ರೆಯಲ್ಲಿ ಪರೀಕ್ಷೆ ಮುಗಿಸಿ ಲೋಕಲ್ ಟ್ರೇನಿನಲ್ಲಿ ಮರಳುವಾಗ ಕೇಳಿದಳು.

“ಪಪ್ಪಾ, ಮಮ್ಮೀ ಕೋ ಪತಾ ಥಾ ಕ್ಯಾ?”

“ಗೊತ್ತಿತ್ತು,” ಎಂದೆ.

“ಔರ್ ಆಪ್ ಕೋ?”

ಮುಂಬ್ರಾ ಸ್ಟೇಷನ್ ಬಂತು. ದಿವಾ ಬಂತು.

ಉತ್ತರವನ್ನು ಇಲ್ಲಿ ಬರೆದಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ.