ನಲವತ್ತು ನಿಮಿಷದ ಹಾರಾಟ

ನಮ್ಮನೆಯವರು ಗಡಿಯಾರ ರಿಪೇರಿ ಮಾಡುವವರು. ಮೆಟ್ಟಿಲ ಕೆಳಗೆ ಗೂಡಿನಂಥ ಅಂಗಡಿ. ಅವರು ಕೂತರೆ ಗಿರಾಕಿ ಬೀದಿಯಲ್ಲೇ ನಿಲ್ಲಬೇಕು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದರೆಂದರೆ ಪಕ್ಕದ ಮನೆಗೆ ಬೆಂಕಿ ಬಿದ್ದರೂ ತಲೆ ಎತ್ತುವ ಪೈಕಿ ಅಲ್ಲ. ರಿಪೇರಿಯಾದ ವಾಚು ಗೋಡೆಯ ದೊಡ್ಡ ಗಡಿಯಾರದ ಜೊತೆ ಒಂದು ಹಗಲು, ಒಂದು ರಾತ್ರಿ ಸರಿಸಮ ನಡೆಯಬೇಕು. ಆಮೇಲೇ ಗಿರಾಕಿಯ ಕೈಗೆ. ಯಾರಾದರೂ ಗೊಣಗಿದರೆ, "ಸರಿಯಾದ ಟೈಮ್ ಅನ್ನೋದು ಒಂದೇ ಇರೋದು" ಅನ್ನುತ್ತಾರೆ.

ಇಷ್ಟು ಖಡಾಖಂಡಿತವಾಗಿ ಮಾತಾಡುವ ಮನುಷ್ಯನಿಗೆ ಎತ್ತರ ಕಂಡರೆ ಜೀವ ಬಾಯಿಗೆ ಬರುತ್ತದೆ. ನನ್ನ ತಂಗಿ ನಾಲ್ಕನೇ ಮಹಡಿಗೆ ಮನೆ ಬದಲಾಯಿಸಿದ ಮೇಲೆ ಇವರು ಒಂದು ದಿನವೂ ಮೇಲೆ ಹತ್ತಿಲ್ಲ. ಪಾಪ, ಅವಳೇ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಕೆಳಗಿಳಿದು ಬರಬೇಕು.

ಇವರನ್ನು ಸಾಕಿದ್ದು ಇವರ ಅಕ್ಕ, ಅಂದರೆ ನಮ್ಮ ಅತ್ತಿಗೆ. ತಾಯಿ ತೀರಿಕೊಂಡಾಗ ಇವರಿನ್ನೂ ಮೂರು ವರ್ಷದ ಕೂಸು. ಹೊಲಿಗೆ ಮಿಷನ್ನು ತುಳಿದು ತಮ್ಮನನ್ನು ದೊಡ್ಡವನನ್ನಾಗಿ ಮಾಡಿದ ಗಟ್ಟಿಗಿತ್ತಿ ಆಕೆ. ಹೋದ ತಿಂಗಳಷ್ಟೇ ಚಿಕಿತ್ಸೆಗೆಂದು ದೂರದೂರಿನ ಮಗಳ ಮನೆಗೆ ಹೋಗಿದ್ದರು.

ಮಂಗಳವಾರ ಆ ಮಗಳ ಫೋನು ಬಂತು. "ಅತ್ತೆ, ಅಮ್ಮನಿಗೆ ನಾಡಿದ್ದು ಮಧ್ಯಾಹ್ನ ಹಾರ್ಟ್ ಆಪರೇಷನ್. ಅದಕ್ಕೆ ಮುಂಚೆ ಒಂದ್ಸಲ ಮಾಮನ್ನ ನೋಡ್ಬೇಕಂತೆ."

ಎರಡು ಸಾವಿರದ ಎಂಟುನೂರು ಕಿಲೋಮೀಟರು ಅಂದರೆ ಸುಮ್ಮನೆಯಾ? ರೈಲಿನಲ್ಲಿ ಮೂರು ದಿನ. ಉಳಿದದ್ದು ವಿಮಾನವೊಂದೇ. ಇವರು ಊಟ ಬಿಟ್ಟು ಕೂತರು. "ಹೋಗದೇ ಇರೋಕಾಗಲ್ಲ, ಹೋಗೋಕೂ ಆಗಲ್ಲ ಕಣೇ" ಅಂತ ಅತ್ತೇಬಿಟ್ಟರು.

ನಾನೇ ಹೋಗಿ ಇಬ್ಬರಿಗೂ ಟಿಕೆಟ್ ತಂದೆ. ಇವರು ಓದಿದರು: ಹೊರಡುವುದು ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ, ತಲುಪುವುದು ಒಂಬತ್ತು ನಲವತ್ತಕ್ಕೆ. ಹೋದ ಜೀವ ಬಂದಂತಾಯಿತು. "ಬರೀ ನಲವತ್ತು ನಿಮಿಷ! ಹಲ್ಲು ಕಚ್ಚಿಕೊಂಡು ಕೂತ್ರೆ ಆಯ್ತು."

ನಾವಿರುವ ದೇಶ ಉದ್ದಗಲಕ್ಕೆ ಹರಡಿದ್ದು, ಮೂಲೆಗೊಂದು ಟೈಮು. ಪಶ್ಚಿಮದ ಆ ಊರಿನ ಗಡಿಯಾರ ನಮ್ಮದಕ್ಕಿಂತ ಮೂರು ಗಂಟೆ ಹಿಂದೆ, ಹಾರಾಟ ಮೂರು ಗಂಟೆ ನಲವತ್ತು ನಿಮಿಷ ಅಂತ ಟಿಕೆಟ್ ಕೊಟ್ಟವನು ನನಗೆ ಬಿಡಿಸಿ ಹೇಳಿದ್ದ. ಜನ್ಮವೆಲ್ಲ ಎಲ್ಲರ ಮುಳ್ಳನ್ನೂ ಒಂದೇ ಗೋಡೆ ಗಡಿಯಾರಕ್ಕೆ ತಿರುಗಿಸಿದ ಮಹಾನುಭಾವರಿಗೆ ಅದು ಹೊಳೆಯುವುದೆಲ್ಲಿ? ನಾನು ತುಟಿಪಿಟಕ್ಕೆನ್ನಲಿಲ್ಲ. ಹೇಳಿದ್ದರೆ ಹೊಸ್ತಿಲು ದಾಟುತ್ತಿದ್ದರಾ!

ವಿಮಾನದಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು, ಕಣ್ಣು ಮುಚ್ಚಿ, ನನ್ನ ಮುಂಗೈ ಹಿಡಿದು ಕೂತರು. ಆಗಾಗ ಒಂದೇ ಕಣ್ಣು ತೆರೆದು ವಾಚು ನೋಡುವರು. ನಲವತ್ತು ನಿಮಿಷ ಕಳೆಯಿತು. ಇಳಿಯುವ ಸುಳಿವಿಲ್ಲ. ಹತ್ತಿ ಕಿತ್ತು ವಾಚನ್ನು ಕಿವಿಗಿಟ್ಟುಕೊಂಡರು, ಅಲ್ಲಾಡಿಸಿದರು. ಸ್ವಂತ ವಾಚಿನ ಮೇಲೆ ಅವರಿಗೆ ಅನುಮಾನ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಕ್ಕದವರನ್ನು ಕೇಳಿದರೆ ಅವರದೂ ಅದೇ ಟೈಮು.

"ಏನೋ ಎಡವಟ್ಟಾಗಿದೆ ಕಣೇ, ಇಳಿಸೋಕೆ ಆಗ್ತಿಲ್ಲ ಇವರಿಗೆ" ಅಂದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಇದ್ದದ್ದು ಇದ್ದಹಾಗೆ ಹೇಳಿಬಿಟ್ಟೆ.

"ಮೋಸ ಮಾಡ್ಬಿಟ್ಟೆಯಲ್ಲೇ!"

"ಹೂಂ, ಮಾಡ್ದೆ. ರೈಲಲ್ಲಿ ಹೋಗಿ ಯಾರನ್ನ ನೋಡ್ತಿದ್ರಿ?"

ಹತ್ತಿ ಹುಡುಕಿ ಮತ್ತೆ ಕಿವಿಗೆ ತುರುಕಿಕೊಂಡರು. ಆಮೇಲೆ ಮೊದಲಿನ ಹಾಗೇ ನನ್ನ ಮುಂಗೈ ಹಿಡಿದರು. ಉಗುರಿನ ಗುರುತು ಎರಡು ದಿನ ಇತ್ತು.

ಆಸ್ಪತ್ರೆ ತಲುಪಿದಾಗ ಅತ್ತಿಗೆಯನ್ನು ಗಾಲಿ ಮಂಚದ ಮೇಲೆ ಮಲಗಿಸಿ ಆಪರೇಷನ್ ಕೋಣೆಗೆ ತಳ್ಳಿಕೊಂಡು ಹೊರಟಿದ್ದರು. ಇವರು ಓಡಿಹೋಗಿ ಮಂಚ ಹಿಡಿದರು.

"ಪುಟ್ಟಾ! ವಿಮಾನದಲ್ಲಿ ಬಂದ್ಯಾ?" ಅತ್ತಿಗೆ ನಕ್ಕರು. "ಹೆದರ್ಕೊಂಡ್ಯಾ?"

"ತುಂಬಾ ಹೆದರ್ಕೊಂಡೆ ಅಕ್ಕ."

ಅತ್ತಿಗೆಯ ನಗು ನಿಂತಿತು. ಇವರ ಕೈಯನ್ನು ಎದೆಗೆಳೆದುಕೊಂಡರು. "ನಂಗೂ ಹೆದರಿಕೆ ಆಗ್ತಿದೆ ಕಣೋ" ಅಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆಕೆಯ ಬಾಯಲ್ಲಿ ನಾನು ಆ ಮಾತು ಕೇಳಿರಲಿಲ್ಲ. ಇವರು ಬಗ್ಗಿ ಅಕ್ಕನ ಹಣೆಗೆ ಹಣೆ ಒತ್ತಿದರು. ಕೋಣೆಯ ಬಾಗಿಲಲ್ಲಿ ನರ್ಸು ಬಂದು ಇಬ್ಬರ ಕೈಯನ್ನೂ ಬಿಡಿಸಬೇಕಾಯಿತು.