ಯಮನವ್ವ ಆರಿಸಿಕೊಟ್ಟ ಹಾಳೆ

ಇಳಕಲ್ಲಿನ ನೇಕಾರರ ಓಣಿಯಲ್ಲಿ ಯಮನವ್ವನಿಗಿಂತ ಅವಳ ನಕ್ಷೆಗಳು ಹೆಚ್ಚು ಪರಿಚಿತ. ಚೌಕಳಿ ಹಾಳೆಯ ಒಂದೊಂದೇ ಮನೆ ತುಂಬಿ ಸೀರೆಯ ದಡಿಗೆ ಅವಳು ಚಿತ್ತಾರ ಬರೆದುಕೊಟ್ಟರೆ, ಮಗ್ಗದವರು ಅದನ್ನು ನೋಡಿ ನೇಯುತ್ತಾರೆ. ಹದಿನಾಲ್ಕನೇ ವಯಸ್ಸಿಗೆ ಅಪ್ಪನ ಪಕ್ಕ ಕೂತು ಕಲಿತದ್ದು. ಈಗ ಅವಳಿಗೆ ನಲವತ್ತೆಂಟು. ಸಾಮಾನು ಮಾತ್ರ ಅಂದಿನದೇ: ಪೆನ್ಸಿಲ್ಲು, ಅದನ್ನು ಹೆರೆಯಲು ಬ್ಲೇಡು, ಸಾಲೆಯ ಮಕ್ಕಳ ಸ್ಕೆಚ್ ಪೆನ್ನು. ಅವಳ ದಡಿಯ ಸೀರೆ ಉಟ್ಟು ಎಷ್ಟು ಮದುಮಕ್ಕಳು ಹಸೆಮಣೆ ಏರಿದರೋ! ಇದನ್ನು ಬರೆದವರು ಯಾರೆಂದು ಒಬ್ಬರೂ ಕೇಳಿರಲಿಲ್ಲ. ಕೇಳಲಿ ಎಂದು ಅವಳಿಗೂ ಅನ್ನಿಸಿರಲಿಲ್ಲ, ನೆಗೆಣ್ಣಿ ಕುಂಚ ಹಿಡಿಯುವವರೆಗೆ.

ನೆಗೆಣ್ಣಿ ಚೇತನಾ, ಮೈದುನನ ಹೆಂಡತಿ. ಎರಡು ವರ್ಷದ ಹಿಂದೆ ಮೊಬೈಲಿನಲ್ಲಿ ನೋಡಿ ನೋಡಿ ನೀರುಬಣ್ಣದ ಚಿತ್ರ ಬರೆಯಲು ಹಿಡಿದಳು. ಬದಾಮಿಯ ಹೊಂಡ, ಅದರ ಮೇಲೆ ಬಾಗಿದ ಕೆಂಪು ಬಂಡೆ, ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರು. ಜನ ಮೆಚ್ಚಿದರು. "ಆರ್ಟಿಸ್ಟ್ ಮನಿ ಇದ ಏನ್ರಿ?" ಎಂದು ಬಾಗಿಲಿಗೆ ಬಂದು ಕೇಳತೊಡಗಿದರು. ಪಡಸಾಲೆಯಲ್ಲಿ ಕೂತಿರುತ್ತಿದ್ದ ಯಮನವ್ವ "ಒಳಗದಾಳ, ಹೋಗ್ರಿ" ಎಂದು ಮತ್ತೆ ನಕ್ಷೆಗೆ ಬಗ್ಗುವಳು. ಆ ದಿನಗಳಲ್ಲಿ ಅವಳ ಪೆನ್ಸಿಲ್ಲಿನ ಮೊನೆ ಪದೇ ಪದೇ ಮುರಿಯುತ್ತಿತ್ತು.

ಬದಾಮಿಯ ಒಂದು ಲಾಡ್ಜಿನವರು ಹೊಂಡದ ದೊಡ್ಡ ಚಿತ್ರ ಬೇಕೆಂದಾಗ ಚೇತನಾ ಓಡಿಬಂದಳು. "ಅಕ್ಕಾ, ಬಾಗಲಕೋಟಿಗೆ ಹೋಗಿ ಸಾಮಾನು ತರೂಣು ಬರ್ರಿ. ನಿಮ್ಮ ಕಣ್ಣು ಬೇಕು ನನಗ."

ನಿನ್ನ ಸಾಮಾನು ಹೊರಲಿಕ್ಕೆ ನಾ ಬೇಕಲ್ಲ, ಎಂದುಕೊಂಡೇ ಯಮನವ್ವ ಬಸ್ಸು ಹತ್ತಿದಳು.

ಬಾಗಲಕೋಟೆಯ ನವನಗರದಲ್ಲಿ ಚಿತ್ರದ ಸಾಮಾನು ಮಾರುವ ಮುರ್ತುಜಸಾಬರ ಅಂಗಡಿಗೆ ಕಾಲಿಟ್ಟವಳೇ ಅಲ್ಲೇ ನಿಂತಳು. ನೆಲದಿಂದ ಚಾವಣಿಯವರೆಗೆ ಬಣ್ಣ. ನೀಲಿಯೊಂದೇ ಹನ್ನೊಂದು ಥರ! ಅವಳು ಬದುಕಿಡೀ ನೀಲಿ ಎಂದು ಒಂದನ್ನೇ ಕರೆದಿದ್ದಳು. ಇಲ್ಲಿ ನವಿಲಿನ ಕೊರಳಿನದು ಬೇರೆ, ಸಂಜೆಯ ಮೋಡದ್ದು ಬೇರೆ. ಕುಂಚವೊಂದನ್ನು ಎತ್ತಿ ಕೆನ್ನೆಗೆ ಸವರಿಕೊಂಡಳು. ಬೆಕ್ಕಿನ ಮರಿ ಮೂಸಿದಂತಾಯಿತು. ಗಟ್ಟಿ, ಮೆದು ಎಂದು ಪೆನ್ಸಿಲ್ಲಿನಲ್ಲಿಯೇ ಹದಿನಾಲ್ಕು ಜಾತಿ. ಒಂದೊಂದರಿಂದಲೂ ಚೂರು ಕಾಗದದ ಮೇಲೆ ಗೆರೆ ಎಳೆದು ನೋಡಿದಳು. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ಆಮೇಲೆ ಸಂಕಟ ಶುರುವಾಯಿತು. ಇಷ್ಟೆಲ್ಲ ಲೋಕದಲ್ಲಿತ್ತು, ತನಗೆ ಯಾರೂ ಹೇಳಿರಲಿಲ್ಲ. ಚೇತನಾ ನೋಡಿದರೆ ತವರುಮನೆಗೆ ಬಂದವಳ ಹಾಗೆ ಓಡಾಡುತ್ತಿದ್ದಳು. "ಬರ್ರಿ ಮೇಡಂ, ನಿಮ್ಮ ಬ್ರಶ್ ಬಂದಾವ" ಎಂದು ಮುರ್ತುಜಸಾಬರು ಎದ್ದು ನಿಂತು ಮಾತಾಡಿಸಿದ್ದರು. ಯಮನವ್ವನಿಗೆ ಕೂಡಲು ಸ್ಟೂಲು ತೋರಿಸಿದ್ದರು, ಅಷ್ಟೇ.

"ಅಕ್ಕಾ, ಈ ಎರಡರಾಗ ಯಾವ ಹಾಳಿ ತಗೊಳ್ಳಲಿ?" ಚೇತನಾ ಕೇಳಿದಳು.

ಯಮನವ್ವ ಬೆರಳಿನ ನಡುವೆ ಹಿಡಿದು ನೋಡಿದಳು. ಒಂದು ಹತ್ತಿಯದು, ದಪ್ಪ, ನೀರು ಕುಡಿದು ತಡೆಯುವಂಥದ್ದು. ಇನ್ನೊಂದು ನುಣುಪು, ತೆಳುವು. ನೀರು ಬಿದ್ದರೆ ಹಪ್ಪಳದಂತೆ ಏಳುತ್ತದೆ. ನೂಲಿನ ನಡುವೆ ಬೆಳೆದ ಕೈಗೆ ಅದನ್ನು ತಿಳಿಯಲು ಕ್ಷಣ ಸಾಕಿತ್ತು. ಮುರ್ತುಜಸಾಬರು ಬೇರೆ ಗಿರಾಕಿಯ ಜೊತೆ ಮಾತಿನಲ್ಲಿದ್ದರು.

"ಈ ನುಣ್ಣಂದು ತಗೋ, ಛಲೋ ಐತಿ" ಎಂದಳು.

ನಾಲ್ಕು ದಿನ ಚೇತನಾ ಊಟದ ಹೊತ್ತು ಮರೆತು ಪೆನ್ಸಿಲ್ಲಿನಲ್ಲಿ ಬರೆದಳು. ಐದನೇ ದಿನ ಬಣ್ಣ ಹಚ್ಚುತ್ತಿದ್ದಂತೆ ಹಾಳೆ ಅಲ್ಲಲ್ಲಿ ಉಬ್ಬಿ, ಹೊಂಡದ ನೀಲಿಯೆಲ್ಲ ತಗ್ಗಿನಲ್ಲಿ ನಿಂತು, ಬಂಡೆಯ ಕೆಂಪು ಅದರೊಳಗೆ ಹರಿದು ರಾಡಿಯಾಯಿತು. ಯಮನವ್ವ ಬಾಗಿಲಲ್ಲಿ ನಿಂತು ನೋಡಿದಳು. ಮೊದಲು ಒಳಗೆಲ್ಲೋ ತಂಪಾಯಿತು. ಖರೆ ಹೇಳಬೇಕೆಂದರೆ, ಬಹಳ ತಂಪಾಯಿತು.

ಚೇತನಾ ತಲೆ ಎತ್ತಿದಳು. "ಹಾಳಿದು ತಪ್ಪಿಲ್ಲ ಬಿಡ್ರಿ ಅಕ್ಕಾ. ನನ್ನ ಕೈನ ಇನ್ನೂ ಕುಂತಿಲ್ಲ. ನೀವು ಇಷ್ಟು ವರ್ಷ ಬರದೀರಿ, ಒಂದು ಗೆರಿನೂ ಅಳಸೂದಿಲ್ಲ. ನಾ ಎರಡ ವರ್ಷಕ್ಕ ಎಲ್ಲಾ ಬಂತು ಅಂದ್ಕೊಂಡೆ."

ಬೈದಿದ್ದರೆ ಯಮನವ್ವ ತಡೆದುಕೊಳ್ಳುತ್ತಿದ್ದಳು. ಈ ಮಾತನ್ನು ತಡೆದುಕೊಳ್ಳಲು ಆಗಲಿಲ್ಲ.

"ಹಾಳಿದ ತಪ್ಪು. ನನಗ ಅಲ್ಲೇ ಗೊತ್ತಿತ್ತು. ಗೊತ್ತಿದ್ದ ಹೇಳೀನಿ."

"ಯಾಕ್ರಿ?"

"ನಿನ್ನ ಕಂಡ್ರ ಆಗವಲ್ದಾಗಿತ್ತು."

ಚೇತನಾ ಕುಂಚ ತೊಳೆದಿಟ್ಟು ಬಾಗಿಲು ಹಾಕಿಕೊಂಡಳು. ಎಂಟು ದಿನ ಮಾತಿಲ್ಲ. ಒಂದೇ ಒಲೆಯ ಮುಂದೆ ಇಬ್ಬರೂ ಬೆನ್ನು ತಿರುಗಿಸಿ ರೊಟ್ಟಿ ಬಡಿದರು. ಯಮನವ್ವನ ಗಂಡ ಹುಚ್ಚೇಶ "ಏನಾಗೇತಿ ನಿಮಗ?" ಎಂದರೆ ಇಬ್ಬರದೂ ಒಂದೇ ಉತ್ತರ: "ಏನಿಲ್ಲ."

ಒಂಬತ್ತನೇ ದಿನ ಯಮನವ್ವ ಒಬ್ಬಳೇ ಬಾಗಲಕೋಟೆಗೆ ಹೋದಳು. ದಪ್ಪ ಹಾಳೆ ಕೊಂಡು, ಮಡಿಕೆ ಬೀಳದಂತೆ ಸುರುಳಿ ಸುತ್ತಿ, ಬಸ್ಸಿನಲ್ಲಿ ಕೂಸನ್ನು ಹಿಡಿದಂತೆ ಹಿಡಿದು ತಂದಳು. ಚೇತನಾ ಅದನ್ನು ಇಸಿದುಕೊಂಡಳು, ನಗಲಿಲ್ಲ. ಮರುದಿನ ಬೆಳಿಗ್ಗೆ ಕೋಣೆಯಿಂದ ದನಿ ಬಂತು: "ಅಕ್ಕಾ, ಬಂಡೆಗಲ್ಲಿನ ಗೆರಿ ಸ್ವಲ್ಪ ನೋಡ್ರಿಲ್ಲೆ."

ಚಿತ್ರ ಮುಗಿದು ಬದಾಮಿಯ ಲಾಡ್ಜಿನ ಗೋಡೆ ಸೇರಿತು. ಕೆಳಗೆ ಚೇತನಾಳ ಹೆಸರೊಂದೇ ಇತ್ತು. ಯಮನವ್ವ ಎದುರು ನಿಂತು ತಪ್ಪು ಹುಡುಕಿದಳು. ಹುಡುಕಿದಷ್ಟೂ ಹೊಟ್ಟೆ ಉರಿಯಿತು, ಸಿಗಲಿಲ್ಲ.

ಈಗ ಇಬ್ಬರೂ ಆಗಾಗ ಅಂಗಡಿಗೆ ಹೋಗುತ್ತಾರೆ. ಯಮನವ್ವ ತನ್ನ ನಕ್ಷೆಗೆ ಬಣ್ಣ ತುಂಬಲು ಕಲಿತಿದ್ದಾಳೆ. ಮೊನ್ನೆ ದಾಳಿಂಬೆ ಸಿಪ್ಪೆಯ ಕೆಂಪಿನ ಟ್ಯೂಬು ಒಂದೇ ಉಳಿದಿತ್ತು. ಇಬ್ಬರ ಕಣ್ಣೂ ಒಟ್ಟಿಗೇ ಬಿತ್ತು. ಕೈ ಮಾತ್ರ ಯಮನವ್ವನದು ಮುಂದಾಯಿತು.

"ನನಗ ಕೊಡ್ರಿ ಅಕ್ಕಾ, ಬಂಡೆಗಲ್ಲಿಗೆ ಇದ ಬೇಕಾಗಿತ್ತು."

"ಮುಂದಿನ ಸಲ ಬರ್ತೈತಿ, ಆವಾಗ ತಗೊಳ್ಳವಂತಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಚೇತನಾ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಬಸ್ಸು ಹುನಗುಂದ ದಾಟುವವರೆಗೂ ಯಮನವ್ವ ಆ ಮುಖವನ್ನು ಓರೆಗಣ್ಣಿನಿಂದ ನೋಡುತ್ತ, ಚೀಲದೊಳಗೆ ಟ್ಯೂಬನ್ನು ಮುಟ್ಟಿ ಮುಟ್ಟಿ ಸುಖಪಟ್ಟಳು.