ಕಾವಲಿಗೆ ಅಂಟಿದ ಮೋಡ

ಡಲ್ಲಾಸ್ ಪಕ್ಕದ ಅಲೆನ್‌ನಲ್ಲಿ ಸುಂಟರಗಾಳಿಯ ಸೈರನ್ ಕೂಗಿದ್ದೇ ಕಬ್ಬಿಣದ ದೋಸೆ ಕಾವಲಿಯನ್ನು ಮಗಳ ತಲೆಗೆ ಅಡ್ಡ ಹಿಡಿದು ಮೆಟ್ಟಿಲ ಕೆಳಗಿನ ಕೋಣೆಗೆ ನುಗ್ಗಿದೆ. ನಮ್ಮಲ್ಲಿ ಕಾಫಿ ಕುಡಿಯುತ್ತಿದ್ದ ಪಕ್ಕದ ಮನೆಯ ಅಜ್ಜ ಫ್ರಿಜ್ಜಿನ ಮ್ಯಾಗ್ನೆಟ್‌ಗಳನ್ನು ಕಿತ್ತುಕೊಂಡು ಹಿಂದೆಯೇ ಬಂದರು. ಒಂದು ಕಾಲಕ್ಕೆ ಬ್ರಿಟಿಷ್ ಟೀವಿಯಲ್ಲಿ ನಕ್ಷೆಗೆ ಮ್ಯಾಗ್ನೆಟ್ ಮೋಡ ಅಂಟಿಸಿ ಹವಾಮಾನ ಹೇಳುತ್ತಿದ್ದವರು. ಹೆದರಿದ್ದ ಮಗಳಿಗಾಗಿ ಕಾವಲಿಯನ್ನೇ ನಕ್ಷೆ, ಮ್ಯಾಗ್ನೆಟ್‌ಗಳನ್ನೇ ಮೋಡ ಮಾಡಿಕೊಂಡು ಲಂಡನ್ನಿನ ಮಳೆಯಿಂದ ಶುರು ಮಾಡಿದರು. ಹೊರಗೆ ಏನೋ ಮುರಿದ ಸದ್ದಾಯಿತು. ನಾನು ಹಿಡಿದಿದ್ದ ಕಾವಲಿ ಗೋಡೆಗೆ ಬಡಿದು ಒಂದು ಮೋಡ ಕೆಳಗೆ ಬಿತ್ತು. ಮಗಳು ಚೀರಿದಳು.

"ಟೀವಿ ಲೈವ್‌ನಲ್ಲೂ ಬೀಳ್ತಿತ್ತು ಮಗು. ನಿಲ್ಲಿಸೋ ಹಾಗಿಲ್ಲ. ಎತ್ತಿ ಅಂಟಿಸಿ, ಮುಂದಿನ ಊರು ಹೇಳ್ಬೇಕು," ಎಂದು ಇಂಗ್ಲಿಷಿನಲ್ಲಿ ಹೇಳಿದ ಅಜ್ಜ ಗಾಳಿ ದಾಟುವವರೆಗೂ ಬಾಯಿ ಮುಚ್ಚಲಿಲ್ಲ.

ಬೆಳಿಗ್ಗೆ ನೋಡಿದರೆ ಹಿತ್ತಲ ಮರದ ಬೇಲಿ ನೆಲಕ್ಕೆ ಮಲಗಿತ್ತು. ನಾನು ಗೋಳಾಡುವ ಮೊದಲೇ ಮಗಳು ಒಂದು ಹಲಗೆ ಎತ್ತಿ ನಿಲ್ಲಿಸಿ ಕೇಳಿದಳು: "ನೆಕ್ಸ್ಟ್ ಊರು ಯಾವ್ದಮ್ಮಾ?"